ಸ್ವೀಕರಿಸಿದವರ ಸಹಿ

ಆದವಾನಿ ಪುರಸಭೆಯ ಠರಾವು:
ಎಪ್ಪತ್ತೊಂದರ ಯೋಧ, ಕೀರ್ತಿಶೇಷ ಜಂಪಾ
ಇಂದಿನಿಂದ ಈ ಊರ ಗೌರವ ಪೌರ.

ಕಾಗದ ತೆಲುಗಿನದು. ನಾನು ಓದಿ
ಕನ್ನಡದಲ್ಲಿ ಹೇಳಿದೆ; ಪೇಮಾ
ತನ್ನ ನುಡಿಯಲ್ಲಿ ಅವನ ಫೋಟೊಗೆ ಹೇಳಿದಳು.
ಎರಡು ಗಡಿ ದಾಟುವಷ್ಟರಲ್ಲಿ
'ಗೌರವ' ಎಲ್ಲೋ ಬಿದ್ದುಹೋಗಿ
ಬರೀ 'ಊರು' ಮುಟ್ಟಿತೇನೋ.

ವರ್ಷಕ್ಕೊಮ್ಮೆ ಠಾಣೆಗೆ ಹೋಗಿ
ಪರದೇಶಿ ಅಂತ ಸಹಿ ಮಾಡಿ ಬಂದು
ನನ್ನ ಅಂಗಡಿ ಕಟ್ಟೆಯ ಮೇಲೆ ಸ್ವೆಟರ್ ಹರಡುತ್ತಿದ್ದ.
ಈ ಬಿಸಿಲೂರಾಗ ಯಾರು ತೊಗೋತಾರೋ? ಅಂದರೆ
ಎಡಭುಜ ತಿಕ್ಕುತ್ತ,
ಒಳಗುಳಿದ ಗುಂಡು ಮೊದಲೇ ತಿಳಿಸಿದಂತೆ,
"ಚಳಿ ಬರ್ತದ, ಅಣ್ಣಾ."

ಠರಾವಿನ ಕೆಳಗೆ: ಸ್ವೀಕರಿಸಿದವರ ಸಹಿ.
ಪೇಮಾ ಪೆನ್ನು ಹಿಡಿದು ಕೂತಿದ್ದಾಳೆ.
ಕಟ್ಟೆ ಖಾಲಿ.
ನನ್ನ ಭುಜಕ್ಕೆ ಯಾಕೋ ಚಳಿ.