ಚಿಲ್ಲರೆ

ಎಡಗೈಯ ಕಿರುಬೆರಳಿಗೆ ನಾಣ್ಯ ತಿಳಿಯುವುದಿಲ್ಲ.
ಬಿದ್ದ ಮೇಲೆ, ಬಸ್ಸಿನ ತಗಡಿನ ಮೇಲೆ ಉರುಳಿ
ಯಾರದೋ ಚಪ್ಪಲಿಗೆ ತಾಗಿ ಮಲಗಿದ ಮೇಲೆ
ಕಿವಿ ಹೇಳುತ್ತದೆ: ಹೋಯಿತು, ಐದು ರೂಪಾಯಿ.

ನರ, ಎಂದಿದ್ದರು ಡಾಕ್ಟರು,
ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.
ಅಂಕೋಲೆಯ ಕೊನೆಯ ಬಸ್ಸಿನ ಬಗ್ಗೆ
ನಾನು ಜನರಿಗೆ ಹೇಳುವ ಹಾಗೇ.

ಮೇ ತಿಂಗಳಲ್ಲೂ ಉದ್ದ ತೋಳಿನ ಖಾಕಿ.
ಬಿಣಗಾ ದಾಟುವಷ್ಟರಲ್ಲಿ ಮೈಯೆಲ್ಲ ಒದ್ದೆ,
ಗೆರೆಗಳು ಮಾತ್ರ ಬೆವರುವುದಿಲ್ಲ.
ಸುತ್ತಲ ಉಪ್ಪು ಅವುಗಳ ಮೇಲೆ ಹರಿದು ತುರಿಸುತ್ತದೆ.
ಮಳೆಗೆ ಎರಡು ದಿನ ಮುಂಚೆ ಎಳೆಯುತ್ತವೆ,
ಹೊಲಿಗೆ ಬಿಚ್ಚದ ಹಳೇ ರವಿಕೆಯ ಹಾಗೆ.

ಬ್ರೇಕು ಹಾಕಿದರೆ ಮೇಲಿನ ಸರಳು ಹಿಡಿಯಲೇಬೇಕು.
ಅಂಗಿಯ ತೋಳು ಜಾರುತ್ತದೆ.
ಕಿಟಕಿಯ ಹುಡುಗಿ ಮೊಬೈಲಿಗೆ ಬಗ್ಗುತ್ತಾಳೆ,
ಮೇಷ್ಟ್ರಂಥ ಒಬ್ಬರು ಪಾಸು ತೋರಿಸುವುದನ್ನೇ ಮರೆಯುತ್ತಾರೆ.

ಹರವಾಡದ ಗುಲಾಬಕ್ಕ ಹಾಗಲ್ಲ.
ಖಾಲಿ ಬುಟ್ಟಿ ಮಡಿಲಲ್ಲಿಟ್ಟುಕೊಂಡು
ನೆಟ್ಟ ನೋಟ ನೋಡಿದಳು, ಮೀನು ಎಣಿಸುವವಳಂತೆ.
"ಈಳಿಗೆ ತಾಗಿದ್ದೇನೆ?"
ಅವಳ ಹೆಬ್ಬೆರಳಲ್ಲೂ ಇದ್ದವು,
ಬಂಗಡೆ ಕೊಯ್ದು ಕೊಯ್ದು ಕಪ್ಪಾದವು.
ಹೂಂ, ಅಂದೆ. ಸುಳ್ಳು ಅವಳೇ ಕೊಟ್ಟದ್ದು;
ತೆಗೆದುಕೊಂಡು, ಸೊನ್ನೆ ರೂಪಾಯಿ ಟಿಕೆಟ್ಟು ಹರಿದು ಕೊಟ್ಟೆ.
ತುಸು ಹೊತ್ತು ಹೊರಗೆ ನೋಡಿದಳು.
"ಇಷ್ಟ್ ಸಲ ತಾಗೋ ಈಳಿಗೆ
ಮನಿಲಿ ಇಟ್ಕಣ್ಬೇಡ ತಂಗಿ."
ಇಳಿದು ಹೋದಳು. ಮೆಟ್ಟಿಲ ಮೇಲೆ ಮೀನಿನ ನೀರು.

ನಮ್ಮಲ್ಲಿ ಈಳಿಗೆಯೇ ಇರಲಿಲ್ಲ.
ಇದ್ದದ್ದನ್ನು ಕಾಗದದಲ್ಲಿ ಸುತ್ತಿ ಅಕ್ಕನ ಕೈಗಿಟ್ಟೆ.
ಏನೆಂದು ಕೇಳಲಿಲ್ಲ. ಊಟ ಆಯ್ತಾ, ಎಂದಳು.
ಮಂಗಳವಾರ ಆಸ್ಪತ್ರೆಯ ಬೆಂಚಿನಲ್ಲಿ
ನನ್ನ ಚೀಟಿ ಹಿಡಿದುಕೊಂಡು ಅವಳೇ ಕೂತಿದ್ದಳು.

ಈಗಲೂ ಕೆಲವು ರಾತ್ರಿ ಕಾಜುಬಾಗದ ಕೋಣೆಗೆ
ಅದು ಹತ್ತಿಕೊಳ್ಳುತ್ತದೆ, ಟಿಕೆಟ್ಟಿಲ್ಲದೆ.
ಇಡೀ ರಾತ್ರಿಯನ್ನು ನಾನು ಕೇಳುವುದಿಲ್ಲ.
ಸುರಂಗ ದಾಟಲಿ, ಎನ್ನುತ್ತೇನೆ.
ಬಿಣಗಾ. ಅರ್ಗಾ.
ಚೆಂಡಿಯಾ ಬರಲಿ, ನೋಡೋಣ.
ತೊಡೂರು. ಅಮದಳ್ಳಿಯಲ್ಲಿ ನೀರು ಕುಡಿ.
ಹರವಾಡದಲ್ಲಿ ಇಳಿಯುವವರಿದ್ದಾರೆ,
ಸೀಟಿ ಊದಲು ನಾನು ಇರಬೇಕು.
ಎಷ್ಟೋ ಸಲ ಅವರ್ಸಾ ಮುಟ್ಟುವ ಮೊದಲೇ
ದೂರದ ಬಾಂಗು, ಹಾಲಿನವನ ಸೈಕಲ್ಲು.
ಒಮ್ಮೆ, ಚೌತಿಯ ಮರುವಾರ,
ಬಸ್ಸು ಅರ್ಗಾದಲ್ಲೇ ಕೆಟ್ಟು ನಿಂತಿತ್ತು.
ಅದನ್ನೂ ವೇಬಿಲ್ಲಿನಲ್ಲಿ ಬರೆದೆ. ಅಕ್ಕನಿಗೆ ಹೇಳಿದೆ.
ಮರುದಿನ ಆರೂವರೆಗೆ ಡ್ಯೂಟಿ ಇತ್ತು, ಹೋದೆ.

ಇವತ್ತು ನಾನು ಬೀಳಿಸಿದ ನಾಣ್ಯವನ್ನು
ಒಂದು ಮಗು ಸೀಟಿನಡಿ ತೂರಿ ಹೆಕ್ಕಿ
ನನ್ನ ಅಂಗೈ ಬಿಡಿಸಿ ಇಟ್ಟು
ಬೆರಳುಗಳನ್ನು ಒಂದೊಂದಾಗಿ ಮಡಚಿತು,
ಕಿರುಬೆರಳನ್ನೂ.
ಅದೊಂದು, ನೋಡಿ ತಿಳಿದದ್ದು.