ಮೆಥನಾಲಿನ ಚುಕ್ಕಿ

ಶನಿವಾರ. ಯಲಹಂಕದಿಂದ ಮೊದಲ ಬಸ್ಸಿಗೇ ಹೊರಟು
ಮೈಸೂರು ಬ್ಯಾಂಕ್ ಸರ್ಕಲ್ಲಿನಲ್ಲಿ ಇಳಿದು ಬಂದರೆ
ಕಲ್ಲುಕಟ್ಟಡದ ಬೀಗ ಇನ್ನೂ ತಣ್ಣಗಿರುತ್ತದೆ.
ವಾರವಿಡೀ ಪಿಯುಸಿ ಮಕ್ಕಳಿಗೆ ಓಮನ ನಿಯಮ.
ಇದೊಂದು ದಿನ, ನಲವತ್ತಮೂರರ ವಯಸ್ಸಿನಲ್ಲಿ,
ನಾನೇ ವಿದ್ಯಾರ್ಥಿ.

ಝೆನಾನ್ ದೀಪ ನೆಲೆಗೊಳ್ಳಲು ಇಪ್ಪತ್ತು ನಿಮಿಷ ಬೇಕು,
ಅವಸರ ಮಾಡಿದರೆ ಸುಳ್ಳು ಹೇಳುತ್ತದೆ.
ಅಷ್ಟರಲ್ಲಿ ಸಂಪಂಗಮ್ಮ ಕುವೆಟ್ಟುಗಳನ್ನು ತೊಳೆದು
ಸೋಸುಕಾಗದದ ಮೇಲೆ ಬೋರಲು ಹಾಕುತ್ತಾಳೆ.
ಸೊಪ್ಪಿನ ಮಡಿಗೆ ನೀರು ತಿರುಗಿಸಿದ ತಿಗಳರ ಕೈ.
ಗಾಜಿನ ಅಂಚನ್ನಷ್ಟೇ ಹಿಡಿಯಬೇಕು ಅಂತ
ನನಗೆ ಹೇಳಿಕೊಟ್ಟದ್ದು ಅವಳೇ.

ಬಣ್ಣ ಒಂದೇ, ಕುಮರಿನ್. ಸೂಜಿಮೊನೆಯಷ್ಟು.
ಬಾಟಲಿ ಏಳು.
ಹೆಕ್ಸೇನಿನಲ್ಲಿ ನೇರಳೆಯ ಪಕ್ಕದ ನೀಲಿ,
ಈಥೈಲ್ ಅಸಿಟೇಟಿನಲ್ಲಿ ಶಾಯಿ,
ಅಸಿಟೋನೈಟ್ರೈಲಿನಲ್ಲಿ ನವಿಲಿನ ಕತ್ತು.
ಉಪಮೆ ಬೇಡ, ಸಂಖ್ಯೆ ಬರಿ, ಅನ್ನುತ್ತಾರೆ ಜಬೀನ್ ಮೇಡಂ.
ಬರೆದೆ: ನಾನೂರ ಹನ್ನೆರಡು. ನಾನೂರ ಮೂವತ್ತೇಳು.
ನಾನೂರ ಅರವತ್ತು ಬರೆಯುವಾಗ
ನೆಲದಡಿ ಮೆಟ್ರೋ ಹಾದು, ಮುಳ್ಳು ನಡುಗಿತು.
ಮತ್ತೆ ಅಳೆದೆ.

ಬೆಳಕು ತಾಗಿದ ಕೂಡಲೇ ಅಣುವಿನ ಒಂದು ತುದಿ
ತನ್ನ ವಿದ್ಯುತ್ತನ್ನು ಇನ್ನೊಂದು ತುದಿಗೆ ದಾಟಿಸುತ್ತದೆ.
ಎಷ್ಟು ದಾಟಿಸಿತು, ಎಷ್ಟು ದೂರ?
ಆ ಸ್ಥಿತಿಯಲ್ಲಿ ಅದರ ಆಯುಸ್ಸು ನಾಲ್ಕೇ ನ್ಯಾನೋಸೆಕೆಂಡು.
ತಕ್ಕಡಿಗೆ ಹಾಕುವಂತಿಲ್ಲ, ಕೊಂಚ ನಿಲ್ಲು ಅನ್ನುವಂತಿಲ್ಲ.
ಅದಕ್ಕೇ ನೆರೆಹೊರೆಯನ್ನು ಕೇಳುವುದು,
ಹುಡುಗನ ಮನೆಗೆ ಹೋಗುವ ಮುಂಚೆ
ಬೀದಿಯ ಇಸ್ತ್ರಿಯವನನ್ನು ವಿಚಾರಿಸಿದ ಹಾಗೆ.

"ಬೆಳಕು ಬಿದ್ರೆ ಬದಲಾಗೋದು ಅದಾ, ಸುತ್ತ ಇರೋರಾ?"
ಸಂಪಂಗಮ್ಮ ಟೀ ಇಟ್ಟು ಕೇಳಿದಳು.
ಮೊದಲು ಅದು, ಆಮೇಲೆ ಸುತ್ತ ಇರೋರು.
ಅವರು ಅದರ ಕಡೆ ತಿರುಗಿ ಕೂರುತ್ತಾರೆ,
ತಿರುಗಿದಷ್ಟೂ ಹೊರಬರುವ ಬೆಳಕು ಕೆಂಪಿಗೆ ಜಾರುತ್ತದೆ.
"ಹೆಕ್ಸೇನು?"
ಅದಕ್ಕೆ ತಲೆಯಿಲ್ಲ, ಬಾಲವಿಲ್ಲ. ತಿರುಗೋದು ಎತ್ತ?

ಅವಳು ನಕ್ಕಳು. ಲೋಟದ ಬಿಸಿ ಕೈಗೆ ಒತ್ತಿಕೊಂಡು ಹೇಳಿದಳು:
"ಹತ್ತೊಂಬತ್ತು ವರ್ಷ ದಿನಗೂಲಿ. ಪರ್ಮನೆಂಟ್ ಆರ್ಡರು ಬಂದ ದಿನ
ಆಫೀಸಿನೋರೆಲ್ಲ ಕುರ್ಚಿ ತಿರುಗಿಸ್ಕೊಂಡ್ರು ನನ್ನ ಕಡೆ.
ನಾನು ಮಾತ್ರ ಅದೇ ಸಂಪಂಗಿ."
ಅದೇ ಹೌದೋ ಅಲ್ಲವೋ, ನಾನು ವಾದಿಸಲಿಲ್ಲ.
ಮರುದಿನದಿಂದ ಅವಳು ಕಿಟಕಿಯ ಬಳಿ ಕೂತು ಉಣ್ಣುವುದನ್ನು
ನಾನು ನೋಡಿದ್ದೇನೆ.

ಗ್ರಾಫ್ ಹಾಳೆಯ ಮೇಲೆ ಆರು ಚುಕ್ಕಿ
ಸ್ಕೇಲಿಗೆ ಒಪ್ಪಿದವು. ಮೆಥನಾಲಿನದು ಒಪ್ಪಲಿಲ್ಲ.
ಗೆರೆಗಿಂತ ಒಂದೂವರೆ ಬೆರಳು ಮೇಲೆ, ಒಂಟಿ.
ತಿರುಗಿ ಕೂರುವುದಷ್ಟೇ ಅದಕ್ಕೆ ಸಾಲದು,
ಹೈಡ್ರೋಜನ್ನಿನಿಂದ ಅಣುವಿನ ಸೆರಗು ಹಿಡಿದುಬಿಡುತ್ತದೆ.
ಬೀರುವಿನಲ್ಲಿರುವ ಹಳೆಯ ಪ್ರಬಂಧವೊಂದರಲ್ಲಿ
ಏಳು ದ್ರಾವಕದ ಪಟ್ಟಿ ಇದೆ, ಚಿತ್ರದಲ್ಲಿ ಚುಕ್ಕಿ ಆರು.
ಎಣಿಸಿದವರು ಯಾರೂ ಇರಲಿಲ್ಲವೇನೋ.

ಇಳಿಜಾರಿನಿಂದ ಉತ್ತರ ಬರುತ್ತದೆ, ಪೂರ್ತಿ ಬರುವುದಿಲ್ಲ.
ಅಣು ಕೂತ ಗುಳಿಯ ತ್ರಿಜ್ಯ ಬೇಕು.
ಆ ತ್ರಿಜ್ಯ ಒಂದು ಊಹೆ. ಅದರ ಘನ ತೆಗೆಯಬೇಕು.
ಊಹೆಯಲ್ಲಿ ಎಳ್ಳಷ್ಟು ತಪ್ಪಿದರೆ
ಉತ್ತರದಲ್ಲಿ ಕುಂಬಳದಷ್ಟು.
ಇಷ್ಟೆಲ್ಲ ಒಪ್ಪಿಕೊಂಡು ಬರೆದೆ:
ಸುಮ್ಮನಿದ್ದಾಗ ಐದು ಡಿಬೈ,
ಬೆಳಕು ತಾಗಿದಾಗ ಒಂಬತ್ತೂವರೆ, ಹೆಚ್ಚು ಕಡಿಮೆ.
ಹೆಚ್ಚು ಕಡಿಮೆ ಎನ್ನುವಲ್ಲಿ ಪೆನ್ನು ಸ್ವಲ್ಪ ಹೊತ್ತು ನಿಂತಿತು.

"ಆ ಚುಕ್ಕಿ ಅಳಿಸಲಾ?" ಫೋನಿನಲ್ಲಿ ಕೇಳಿದೆ.
ಆ ಕಡೆ ಕುಕ್ಕರು ಕೂಗಿತು, ಒಂದು, ಎರಡು.
"ಸುತ್ತ ಒಂದು ಸೊನ್ನೆ ಹಾಕು. ಕೆಳಗೆ ಕಾರಣ ಬರಿ.
ಇದ್ದದ್ದು ಇರಲಿ," ಅಂದರು ಜಬೀನ್ ಮೇಡಂ.

ನಾಲ್ಕಕ್ಕೆ ದೀಪ ಆರಿಸಿದೆ. ಅದರ ಫ್ಯಾನು ಇನ್ನೂ ತಿರುಗುತ್ತಿತ್ತು.
ಸಂಪಂಗಮ್ಮ ಕುವೆಟ್ಟುಗಳನ್ನು ಒಂದೊಂದಾಗಿ
ಮೂಲೆಯ ಕರಿ ಕ್ಯಾನಿಗೆ ಬಗ್ಗಿಸಿದಳು.
ಅದರೊಳಗೆ ಏಳೂ ಬೆರೆತು
ಈಗ ಯಾವ ಬಣ್ಣ ಹೊಳೆಯುತ್ತದೋ,
ಯಾರೂ ಅಳೆದಿಲ್ಲ.